ಇಪ್ಪತ್ತೈದನೇ ನಂಬರಿನ ಬಾಗಿಲು

ನಾನು ಕೆಲಸಕ್ಕೆ ಸೇರಿದ ಕಾರ್ಖಾನೆಯ ಕಂಪ್ಯೂಟರ್ ಕೋಣೆ ನಮ್ಮ ಹುರುಳಿ ಹೊಲದ ಮೇಲೆ ನಿಂತಿತ್ತು. ಹೀಗೆಂದರೆ ಮಾತಿನ ಚಂದಕ್ಕೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಹಾಗಲ್ಲ, ನಿಜವಾಗಿಯೂ ಅಲ್ಲೇ ಇತ್ತು. ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದ ವರ್ಷಗಳಲ್ಲಿ ಬೈರಮಂಗಲದ ಕಡೆಯ ನಮ್ಮ ಜಮೀನೂ ಹೋಯಿತು. ರಾಗಿ ಬೆಳೆಯುತ್ತಿದ್ದ ಕಡೆ ಲಾರಿ ನಿಲ್ಲುವ ಅಂಗಳ ಬಂತು, ಹುರುಳಿ ಚೆಲ್ಲುತ್ತಿದ್ದ ಕಡೆ ಆಫೀಸು ಬಂತು. ಜಮೀನು ಬಿಟ್ಟುಕೊಟ್ಟ ಮನೆಗೆ ಒಂದು ಕೆಲಸ ಎಂದು ಕಾರ್ಖಾನೆಯ ಮಾಲೀಕರು ಬಾಯಿಮಾತಿನಲ್ಲಿ ಹೇಳಿದ್ದರು. ಒಂದು ಮನೆಗೆ ಒಂದೇ.

ಆ ಒಂದು ಯಾರಿಗೆ ಎಂದು ನಮ್ಮ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಅಣ್ಣ ಎಸ್ಸೆಸ್ಸೆಲ್ಸಿ ದಾಟಿರಲಿಲ್ಲ, ಲಾರಿಗೆ ಮಾಲು ತುಂಬುವ ಕೆಲಸವಾದರೂ ಅವನಿಗೆ ಸಿಗುತ್ತಿತ್ತು. ನಾನು ಚನ್ನಪಟ್ಟಣಕ್ಕೆ ಹೋಗಿ ಬಂದು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೆ. "ಮದ್ವೆಯಾಗಿ ಒಂಟೋಗೋಳ್ಗೆ ಯಾಕೆ? ಮನೇಲಿರೋ ಗಂಡುಡ್ಗುಂಗೆ ಕೊಡ್ಸಿ" ಎಂದು ಅವ್ವ ಹಟ ಹಿಡಿದಳು. ಅಪ್ಪ ಎರಡು ದಿನ ಬೀಡಿ ಸೇದುತ್ತಾ ಕೂತಿದ್ದು, ಕೊನೆಗೆ "ಓದಿರೋಳು ಅವ್ಳು, ಅವ್ಳೇ ಓಗ್ಲಿ ಬುಡು" ಅಂದ. ಅಣ್ಣ ಕೆಲವು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ. ಹಾಗಾಗಿ ಆ ಕೆಲಸ ನನ್ನದು ಅಂತ ನನಗೆ ಒಂದು ದಿನವೂ ಅನ್ನಿಸಿದ್ದಿಲ್ಲ. ಅದು ಮನೆಯದು, ನನ್ನ ಹತ್ತಿರ ಇಟ್ಟಿದ್ದರು, ಅಷ್ಟೇ. ನಾನು ಕಳೆದುಕೊಂಡರೆ ಹೊಲವೂ ಹೋದ ಹಾಗೆ, ಕೆಲಸವೂ ಹೋದ ಹಾಗೆ.

ಮೊದಲೇ ನಾನು ಪುಕ್ಕಲಿ. ಮೇಜಿನ ಮೇಲಿನ ಫೋನು ಬಡಿದುಕೊಂಡರೆ ಸಾಕು ಎದೆ ಧಸಕ್ಕೆನ್ನುತ್ತಿತ್ತು. ನಮ್ಮ ಮ್ಯಾನೇಜರು ಕನಕಪುರದವರು, ದಿನವೂ ಬಸ್ಸಿನಲ್ಲಿ ಓಡಾಡುವವರು. ಅವರದು ದೊಡ್ಡ ಗಂಟಲು, ಗುಡ್ ಮಾರ್ನಿಂಗ್ ಎಂದರೂ ಬೈದ ಹಾಗೆ ಕೇಳಿಸುತ್ತಿತ್ತು. "ಯಾಕಮ್ಮ ಹಂಗ್ ನಡುಗ್ತೀಯ, ನಾನೇನು ಹುಲಿನಾ?" ಎಂದು ಆಗಾಗ ಕೇಳುತ್ತಿದ್ದರು. ಹುಲಿಯಾಗಿದ್ದರೆ ಕೆಲಸದಿಂದ ತೆಗೆಯುತ್ತಿರಲಿಲ್ಲವಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ನಮ್ಮ ಕಾರ್ಖಾನೆಯಲ್ಲಿ ಕಾರಿನ ಸೀಟಿನ ಕೆಳಗಿನ ಕಬ್ಬಿಣದ ಚೌಕಟ್ಟು ಮಾಡುತ್ತಿದ್ದೆವು. ಎಲ್ಲವೂ ಹತ್ತಿರದ ದೊಡ್ಡ ಕಾರು ಕಾರ್ಖಾನೆಗೆ ಹೋಗುತ್ತಿತ್ತು. ಅವರದು ಒಂದು ಪದ್ಧತಿ: ಲಾರಿ ಹೊರಡುವ ಮುಂಚೆ, ಇದರಲ್ಲಿ ಇಂತಿಂಥ ಮಾಲಿದೆ ಎಂದು ನಮ್ಮಿಂದ ಒಂದು ಮೇಲ್ ಹೋಗಬೇಕು. ಮೇಲ್ ಮುಟ್ಟದಿದ್ದರೆ ಲಾರಿಯನ್ನು ಒಳಗೆ ಬಿಡುವುದಿಲ್ಲ. ನಮ್ಮ ಮೇಲ್ ಕಳಿಸುತ್ತಿದ್ದ ಪ್ರೋಗ್ರಾಂ ಹಳೆಯದಾಗಿ, ದಿನ ಬಿಟ್ಟು ದಿನ ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತಿತ್ತು. ಮ್ಯಾನೇಜರು ಒಂದು ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು, "ನೀನೇ ಒಂದು ಬರ್ದುಬಿಡಮ್ಮ, ಡಿಪ್ಲೊಮಾ ಮಾಡಿದೀಯಲ್ಲ" ಅಂದರು, ರಜಾ ಚೀಟಿ ಬರೆದುಕೊಡು ಅಂದಷ್ಟು ಸಲೀಸಾಗಿ.

ಅಂಥವು ಬಲ್ಲವರು ಬರೆದು ಸಿದ್ಧ ಮಾಡಿಟ್ಟದ್ದೇ ಪುಕ್ಕಟೆಯಾಗಿ ಸಿಗುತ್ತವೆ ಎಂದು ನಾನು ಕೇಳಿದ್ದೆ. ಹೇಳಲು ಬಾಯಿ ತೆರೆದೆ. ಪುಕ್ಕಟೆ ಸಿಗುವುದಾದರೆ ನೀನು ಯಾಕೆ ಬೇಕು ಅಂದುಬಿಟ್ಟರೆ? "ಆಗಲಿ ಸಾರ್" ಅಂದೆ.

ಅದು ತೆರೆಯ ಮೇಲೆ ಕಾಣುವ ಪ್ರೋಗ್ರಾಂ ಅಲ್ಲ. ಒಮ್ಮೆ ಶುರು ಮಾಡಿದರೆ ಕಿಟಕಿಯೂ ಇಲ್ಲ, ಬಟನ್ನೂ ಇಲ್ಲ, ಹಿಂಬದಿಗೆ ಸರಿದು ಕೂತುಬಿಡುತ್ತದೆ. ನಾನು ಬಸ್ಸು ಹತ್ತಿ ಮನೆಗೆ ಹೋದರೂ ಅದು ಅಲ್ಲೇ ಕೂತಿರುತ್ತದೆ. ಕಂಪ್ಯೂಟರಿಗೆ ಸಾವಿರಗಟ್ಟಲೆ ಬಾಗಿಲುಗಳು ಇವೆ ಅಂದುಕೊಳ್ಳಿ, ಒಂದೊಂದಕ್ಕೆ ಒಂದು ನಂಬರು. ಮೇಲ್ ತರುವವರು ಇಪ್ಪತ್ತೈದನೆಯ ಬಾಗಿಲನ್ನು ತಟ್ಟಬೇಕು ಎಂದು ಲೋಕವೆಲ್ಲ ಒಪ್ಪಿಕೊಂಡಿದೆ. ನನ್ನ ಪ್ರೋಗ್ರಾಂ ಆ ಬಾಗಿಲಿಗೆ ಕಿವಿಗೊಟ್ಟು ಕೂರಬೇಕು. ಯಾರಾದರೂ ಬಂದರೆ ತನ್ನದೇ ಒಂದು ಮರಿ ಮಾಡಿ, ಬಂದವರ ಜೊತೆ ಮಾತಾಡುವುದನ್ನು ಆ ಮರಿಗೆ ಒಪ್ಪಿಸಿ, ತಾನು ಮತ್ತೆ ಬಾಗಿಲಿಗೆ ಕಿವಿಗೊಡಬೇಕು. ಮಾತು ಮುಗಿಸಿದ ಮರಿಯನ್ನು ತಾಯಿಯೇ ಲೆಕ್ಕದಿಂದ ತೆಗೆಯಬೇಕು. ಅದನ್ನು ನಾನು ಮೊದಲು ಬರೆದಿರಲಿಲ್ಲ. ಕೆಲಸ ಮುಗಿಸಿ ಸತ್ತ ಮರಿಗಳ ಹೆಸರು ಪಟ್ಟಿಯಲ್ಲಿ ಉದ್ದಕ್ಕೆ ನಿಂತದ್ದನ್ನು ಕಂಡು ಹೆದರಿ ಕಂಪ್ಯೂಟರನ್ನೇ ಆರಿಸಿಬಿಟ್ಟಿದ್ದೆ.

ಬಂದವರ ಜೊತೆಗಿನ ಮಾತು ಬಹಳ ಸರಳ. ಬಂದವನು ತನ್ನ ಹೆಸರು ಹೇಳುತ್ತಾನೆ, ನಾವು ಸರಿ ಅನ್ನಬೇಕು. ತಂದ ಕಾಗದ, ಅಂದರೆ ಮೇಲ್, ಯಾರಿಂದ ಎಂದು ಹೇಳುತ್ತಾನೆ, ಸರಿ. ಯಾರಿಗೆ ಎಂದು ಹೇಳುತ್ತಾನೆ, ಸರಿ. ಆಮೇಲೆ ಕಾಗದ ಒಪ್ಪಿಸಿ ಹೊರಡುತ್ತಾನೆ. ಕಷ್ಟವಿದ್ದದ್ದು ಆ 'ಯಾರಿಗೆ' ಎಂಬಲ್ಲಿ. ಕಾಗದ ನಮ್ಮ ಆಫೀಸಿನವರಿಗಲ್ಲ, ಇನ್ನೆಲ್ಲಿಯವರಿಗೋ ಆದರೆ ಏನು ಮಾಡಬೇಕು? ಮೊದಲು ನಾನು ಅಂಥದ್ದನ್ನು ಬೇಡ ಅನ್ನುವ ಹಾಗೇ ಬರೆದಿದ್ದೆ. ಒಂದು ದಿನ ನಮ್ಮದೇ ಮಾಗಡಿಯ ಘಟಕಕ್ಕೆ ಸೇರಬೇಕಾದ ಆರ್ಡರು ನಮ್ಮ ಬಾಗಿಲಿಗೆ ಬಂತು, ಪ್ರೋಗ್ರಾಂ ನಮ್ಮದಲ್ಲ ಎಂದು ವಾಪಸ್ ಅಟ್ಟಿತು. ಮಾಲೀಕರು ಮ್ಯಾನೇಜರನ್ನು ಹಿಡಿದು ಜಾಡಿಸಿದರು. ಮ್ಯಾನೇಜರು ನನ್ನನ್ನು ಜಾಡಿಸಿದರು.

"ಬಾಗ್ಲಿಗೆ ಬಂದಿದ್ದನ್ನ ವಾಪಸ್ ಕಳಿಸ್ತಾರೇನಮ್ಮ ಯಾರಾದ್ರೂ? ಯಾರ್ ಕೊಟ್ರೂ ಇಸ್ಕೊ. ಎಲ್ಲಿಗೆ ಅಂತಾರೋ ಅಲ್ಲಿಗೆ ಮುಟ್ಸು. ಅಷ್ಟೇ ತಾನೆ ಕೆಲ್ಸ?"

ನನಗೂ ಅದೇ ಸರಿ ಅನ್ನಿಸಿತು. ಯಾಕೆಂದರೆ ನಮ್ಮ ಮನೆ ಇರುವುದೇ ಬಸ್ ನಿಲ್ಲುವ ಜಾಗದ ಪಕ್ಕದಲ್ಲಿ. ನಮ್ಮ ಜಗಲಿ ಊರಿನ ಅರ್ಧ ಅಂಚೆ ಕಚೇರಿ. ರಾಮನಗರದಿಂದ ಯಾರದೋ ಔಷಧಿ ಸೀಸೆಯನ್ನು ಕಂಡಕ್ಟರು ಇಳಿಸಿ ಹೋಗುತ್ತಿದ್ದ. ಮೇಲಿನ ಕೇರಿಯವರು ಬಿಡದಿಯಲ್ಲಿರುವ ಮಗನಿಗೆ ಊಟದ ಕ್ಯಾರಿಯರ್ ತಂದಿಟ್ಟು, "ಮುಂದಿನ್ ಬಸ್ಸಿಗೆ ಒಸಿ ಕೊಟ್ಬುಡವ್ವ" ಎಂದು ಹೋಗುತ್ತಿದ್ದರು. ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಹೆಣ್ಣಿನ ಫೋಟೋ, ಬೀಗದ ಕೈ, ಎಲ್ಲವೂ ಬಂದು ಹೋಗುತ್ತಿದ್ದವು. ತಂದವರು ಯಾರು, ಒಳಗೇನಿದೆ ಎಂದು ಅವ್ವ ಒಂದು ದಿನವೂ ಕೇಳಿದವಳಲ್ಲ. ಕೇಳಿದ್ದರೆ ಊರಿನಲ್ಲಿ ಮುಖವೆತ್ತಿ ತಿರುಗುವ ಹಾಗಿರಲಿಲ್ಲ. ಒಂದು ಡಬ್ಬಿ ಇಟ್ಟುಕೊಳ್ಳಲು ಆಗದಷ್ಟು ದೊಡ್ಡವರಾದರಾ ಅನ್ನುತ್ತಿದ್ದರು. ಮ್ಯಾನೇಜರ ಮನೆಯೂ ಕನಕಪುರದಲ್ಲಿ ಹಾಗೇ ಇದ್ದಿರಬೇಕು. ನಾವಿಬ್ಬರೂ ಸೇರಿ, ಏನೂ ಅನುಮಾನವಿಲ್ಲದೆ, ಕಂಪ್ಯೂಟರಿಗೂ ಒಂದು ಜಗಲಿ ಕಟ್ಟಿಸಿದೆವು. ಬೇಡ ಅನ್ನುವ ಸಾಲನ್ನು ನಾನು ಅಳಿಸಿದೆ.

ಕೆಲವು ವಾರ ಅದು ಚೊಕ್ಕವಾಗಿ ನಡೆಯಿತು. ಯಾರು ಬಂದರು, ಯಾರಿಗೆ ಕೊಟ್ಟರು ಎಂದು ಪ್ರೋಗ್ರಾಂ ಸಾಲುಸಾಲಾಗಿ ಬರೆದಿಡುತ್ತಿತ್ತು. ನಾನು ಬೆಳಿಗ್ಗೆ ಬಂದ ಕೂಡಲೇ ಅದನ್ನು ನೋಡುತ್ತಿದ್ದೆ. ಕಾರು ಕಾರ್ಖಾನೆ, ಮಾಗಡಿ ಘಟಕ, ಮತ್ತೆ ಕಾರು ಕಾರ್ಖಾನೆ. ನಾನು ಬರೆದದ್ದು ನಾನಿಲ್ಲದಾಗಲೂ ಕೆಲಸ ಮಾಡುತ್ತಿದೆ ಎಂದು ಜಂಬವೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಆ ಸಾಲುಗಳ ನಡುವೆ ನನಗೆ ಗೊತ್ತಿಲ್ಲದ ಒಬ್ಬ ಬಂದಿದ್ದ. ಒಂದೇ ಒಂದು ಕಾಗದ, ಅವನಿಂದ ಅವನಿಗೇ. ನಮ್ಮ ಬಾಗಿಲಿಗೆ ಬಂದು, ತನ್ನ ಕಾಗದವನ್ನು ತನಗೇ ಮುಟ್ಟಿಸಿಕೊಂಡು ಹೋಗಿದ್ದ. ಯಾರೋ ದಾರಿ ತಪ್ಪಿ ಬಂದಿರಬೇಕು ಅಂದುಕೊಂಡೆ. ಅವನು ಬಂದದ್ದು ಬಾಗಿಲು ತೆರೆದಿದೆಯೋ ಇಲ್ಲವೋ ನೋಡಿಕೊಳ್ಳಲು ಎಂದು ಈಗ ಗೊತ್ತು. ಆಗ ನೀರು ಕುಡಿದು ಮುಂದಿನ ಸಾಲಿಗೆ ಹೋದೆ.

ಎರಡು ದಿನ ಬಿಟ್ಟು ಅವರು ಬಂದರು. ಮಧ್ಯಾಹ್ನದ ಹೊತ್ತು, ಊಟ ಮುಗಿಸಿ ಬಂದು ಕೂತರೆ ಕಂಪ್ಯೂಟರಿನ ಡಿಸ್ಕು ಕರಕರ ಸದ್ದು ಮಾಡುತ್ತಿತ್ತು. ತೆರೆಯ ಮೇಲೆ ಸಾಲುಗಳು ಓದಲು ಬಿಡದೆ ಓಡುತ್ತಿದ್ದವು. ಯಾವ ದೇಶದವರೋ, ಯಾವ ಹೆಸರೋ. ಒಬ್ಬ ಹೋಗುವಷ್ಟರಲ್ಲಿ ಹತ್ತು ಜನ. ಒಂದು ಕಾಗದ ತೆರೆದು ನೋಡಿದೆ: ಗಂಡಸರ ಶಕ್ತಿಯ ಮಾತ್ರೆ ಮಾರುವವರದು. ಇನ್ನೊಂದರಲ್ಲಿ ನಿಮಗೆ ಲಾಟರಿ ಹೊಡೆದಿದೆ ಎಂದಿತ್ತು. ಮತ್ತೊಂದನ್ನು ಓದಿ ಕಿವಿ ಬಿಸಿಯಾಗಿ, ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದೆ. ಪ್ರತಿಯೊಬ್ಬನಿಗೂ ನನ್ನ ಪ್ರೋಗ್ರಾಂ ಸರಿ, ಸರಿ, ಸರಿ ಅನ್ನುತ್ತಿತ್ತು. ನಾನು ಹೇಳಿಕೊಟ್ಟ ಹಾಗೇ, ಒಂದಿಷ್ಟೂ ಬೇಸರವಿಲ್ಲದೆ.

ಆರಿಸಿಬಿಡೋಣ ಎಂದು ಕೈ ಹೋಯಿತು. ಆದರೆ ಆರಿಸಿದರೆ ಲಾರಿಯ ಮೇಲ್ ಹೋಗುವುದಿಲ್ಲ. ಮ್ಯಾನೇಜರಿಗೆ ಹೇಳೋಣವೆಂದರೆ ಅವರ ಗಂಟಲಿನ ಹೆದರಿಕೆ. ಓಡುವ ಸಾಲುಗಳನ್ನು ನೋಡುತ್ತಾ ಕುರ್ಚಿಯಲ್ಲೇ ಕೂತಿದ್ದೆ.

ಹೇಳುವ ಕಷ್ಟವನ್ನು ಲಾರಿಯೇ ತಪ್ಪಿಸಿತು. ಸಂಜೆಯ ಮುಂಚೆ ನಮ್ಮ ಲಾರಿ ಮಾಲಿನ ಸಮೇತ ವಾಪಸ್ ಬಂತು. ನಾವು ಕಳಿಸಿದ ಮೇಲನ್ನು ಕಾರು ಕಾರ್ಖಾನೆಯ ಕಂಪ್ಯೂಟರು ಮೂಸಿಯೂ ನೋಡದೆ ತಳ್ಳಿಬಿಟ್ಟಿತ್ತು. ಅಲ್ಲಿಯ ಕಂಪ್ಯೂಟರ್ ವಿಭಾಗದವರೊಬ್ಬರು ಫೋನು ಮಾಡಿದರು. ಪುಣ್ಯಾತ್ಮ ಕೂಗಾಡಲಿಲ್ಲ, ಆದರೆ ಆತ ಶಾಂತವಾಗಿ ಹೇಳಿದಷ್ಟೂ ನನ್ನ ಬೆವರು ಹೆಚ್ಚಾಯಿತು.

"ನಿಮ್ಮ ಸರ್ವರ್ ಯಾರಿಂದ ಬೇಕಾದರೂ ತಗೊಂಡು ಯಾರಿಗೆ ಬೇಕಾದರೂ ಕಳಿಸ್ತಾ ಇದೆ. ಲೋಕದ ಕಸವೆಲ್ಲ ನಿಮ್ಮ ಹೆಸರಲ್ಲಿ ಬರ್ತಿದೆ ಮೇಡಂ. ನೀವು ಕಸ ಕಳಿಸೋರ ಕಪ್ಪುಪಟ್ಟಿಗೆ ಸೇರಿದ್ದೀರಿ. ಬಾಗಿಲು ಹಾಕಿ, ಆ ಪಟ್ಟಿ ಇಟ್ಟುಕೊಂಡಿರೋ ಸಂಸ್ಥೆಯವರಿಗೆ ಬರೀರಿ. ಅವರೂ ಅದೇ ಬಾಗಿಲು ತಟ್ಟಿ ಪರೀಕ್ಷೆ ಮಾಡ್ತಾರೆ. ಪಾಸಾದರೆ ನಿಮ್ಮ ಮೇಲ್ ನಾನೇ ಒಳಗೆ ಬಿಡ್ತೀನಿ. ಅಲ್ಲಿವರೆಗೂ ಆಗಲ್ಲ."

ಮ್ಯಾನೇಜರು ಎಲ್ಲವನ್ನೂ ಕೇಳಿಸಿಕೊಂಡರು. ಅವತ್ತು ಅವರು ಗಂಟಲು ಏರಿಸಲಿಲ್ಲ, ಅದೇ ನನ್ನನ್ನು ಇನ್ನೂ ಹೆದರಿಸಿತು. "ನಾನೇ ಹೇಳ್ದೆ ಯಾರ್ ಕೊಟ್ರೂ ಇಸ್ಕೊ ಅಂತ, ನಿಜ. ಆದ್ರೆ ಓನರ್ ಮುಂದೆ ಅದು ನಿಲ್ಲಲ್ಲ ಕಣಮ್ಮ. ನಾಳೆ ಮಧ್ಯಾಹ್ನದ ಲಾರಿ ಒಳಕ್ಕೆ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಯಾರನ್ನಾದ್ರೂ ಒಬ್ರನ್ನ ತೆಗೀಲೇಬೇಕಾಗುತ್ತೆ. ನಾನು ಏನೂ ಮಾಡಕಾಗಲ್ಲ" ಅಂದರು. ಆ ಒಬ್ಬರು ನಾನೇ ಎಂದು ಕೇಳದೆಯೇ ಗೊತ್ತಾಯಿತು.

ಮನೆಗೆ ಹೋಗಿ ಮುದ್ದೆಯ ತಟ್ಟೆಯ ಮುಂದೆ ಕೂತೆ. ಒಂದು ತುತ್ತೂ ಇಳಿಯಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿದಳು. ತಡೆಯಲಾರದೆ, ಕೆಲಸ ಹೋಗಬಹುದು ಅಂದುಬಿಟ್ಟೆ. ಬಿಡಿಸಿ ಹೇಳುವ ಶಕ್ತಿ ಇರಲಿಲ್ಲ, ಹೇಳಿದ್ದರೂ ಜಗಲಿಯ ಮೇಲೆ ಡಬ್ಬಿ ಇಟ್ಟುಕೊಂಡದ್ದು ಹೇಗೆ ತಪ್ಪಾಯಿತು ಎಂದು ಅವ್ವ ನನ್ನನ್ನೇ ಕೇಳುತ್ತಿದ್ದಳು. ಅಣ್ಣ ತಟ್ಟೆಯಿಂದ ತಲೆಯೆತ್ತಿ ನೋಡಿದ, ಮತ್ತೆ ಬಗ್ಗಿಸಿದ. ಅಪ್ಪ ಮಾತ್ರ ಒಂದು ಮಾತು ಕೇಳಿದ: "ಓದ್ರೆ ನಿನ್ ಕೆಲ್ಸ ಓಯ್ತದೋ, ನಮ್ ಮನೇದೇ ಓಯ್ತದೋ?"

"ಎರಡೂ ಒಂದೇ ಅಲ್ವಾ ಅಪ್ಪ" ಅಂದೆ. ಅಪ್ಪ ಕೈ ತೊಳೆದು ಎದ್ದ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಬಾಗಿಲು ಹಾಕುವ ಕೆಲಸಕ್ಕೆ ಕೂತೆ. ಮಾಗಡಿಯವರೂ ಸೇರಿ ನಮ್ಮವರಿಗೆ ಕಾಗದ ಬಂದಿರಬೇಕು, ಇಲ್ಲವೇ ಕೊಡುವವರು ನಮ್ಮವರಾಗಿರಬೇಕು. ಎರಡೂ ಅಲ್ಲದಿದ್ದರೆ ಬೇಡ. ಬರೆಯುವುದು ಏನೂ ಕಷ್ಟವಿರಲಿಲ್ಲ, ನಾಲ್ಕೈದು ಸಾಲು. ಆದರೂ ಅದನ್ನೇ ಮತ್ತೆ ಮತ್ತೆ ತಪ್ಪಾಗಿ ಬಡಿದೆ. ಆಮೇಲೆ ಹೆದರಿಕೆಯ ಕಣ್ಣಿನಿಂದ ಒಂದೊಂದೇ ಕಳ್ಳದಾರಿ ಕಾಣತೊಡಗಿತು. ವಿಳಾಸದೊಳಗೆ ಇನ್ನೊಂದು ವಿಳಾಸ ಅಡಗಿಸಿ ತಂದರೆ? ನಾನು ನಿಮ್ಮವನೇ ಎಂದು ಬಾಯಲ್ಲಿ ಹೇಳಿಕೊಂಡು ಹೊರಗಿನವನು ಬಂದರೆ? ಬಾಯಿಮಾತನ್ನು ನಂಬಬೇಡ, ಬಂದ ದಾರಿ ನೋಡು ಎಂದು ಬರೆದೆ. ಧೈರ್ಯಸ್ಥೆಯಾಗಿದ್ದರೆ ಇಷ್ಟೆಲ್ಲ ಹೊಳೆಯುತ್ತಿರಲಿಲ್ಲ. ಪುಕ್ಕಲುತನ ನನಗೆ ಉಪಕಾರ ಮಾಡಿದ್ದು ಅದೊಂದೇ ಸಲ.

ಪ್ರೋಗ್ರಾಂ ಮತ್ತೆ ಶುರು ಮಾಡಿ, ಪಟ್ಟಿಯವರಿಗೆ ಬರೆದು, ಪರೀಕ್ಷೆಗೆ ಬರುವವನನ್ನು ಕಾಯುತ್ತಾ ಕೂತೆ. ಮಾತ್ರೆ ಮಾರುವವರು ಇನ್ನೂ ಬರುತ್ತಲೇ ಇದ್ದರು. ಬೇಡ, ಬೇಡ, ಬೇಡ ಎಂದು ಸಾಲುಗಳು ಓಡುತ್ತಿದ್ದವು. ಅವರ ನಡುವೆ ಪರೀಕ್ಷೆಯವನು ಬಂದಾಗ ಗುರುತು ಸಿಕ್ಕಿತು, ಯಾಕೆಂದರೆ ಅವನು ಅವಸರ ಮಾಡಲಿಲ್ಲ. ನೇರವಾಗಿ ಕೇಳಿದ, ಬೇಡ ಅಂದಿತು. ಹೆಸರು ಬದಲಿಸಿ ಕೇಳಿದ, ಬೇಡ ಅಂದಿತು. ವಿಳಾಸದೊಳಗೆ ವಿಳಾಸ ಅಡಗಿಸಿ ತಂದ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಬೇಡ ಅಂದಿತು. ಕೊನೆಗೆ ನಮ್ಮದೇ ಆಫೀಸಿನವನ ಸೋಗು ಹಾಕಿಕೊಂಡು ಬಂದ. ಬೇಡ ಅಂದಿತು. ಇನ್ನೊಂದು ದಾರಿ ಸಿಗದೆ ಹೊರಟುಹೋದ.

ನನ್ನ ಬೆನ್ನ ಹಿಂದೆ ನಿಂತಿದ್ದ ಮ್ಯಾನೇಜರು ಆಗಾಗ ಗಡಿಯಾರ ನೋಡುತ್ತಿದ್ದರು. ಮಧ್ಯೆ ಒಮ್ಮೆ, "ನಿನ್ನ ಬದ್ಲು ಯಾರನ್ನ ಹಾಕ್ಕೊಳೋದು ಅಂತ ಓನರ್ ಕೇಳ್ತಾವ್ರೆ. ಏನ್ ಹೇಳ್ಲಿ ನಾನು? ನಿಮ್ಮನೆಗೇ ಕೆಲ್ಸ ಅಂತ ಬೇರೆ ಮಾತು ಕೊಟ್ಟವ್ರೆ" ಎಂದು ತಮಗೆ ತಾವೇ ಅಂದುಕೊಂಡ ಹಾಗೆ ಅಂದರು. ಏನಾದರೂ ಒಂದು ದಾರಿ ಸಿಕ್ಕಿ ಈ ರಗಳೆ ಮುಗಿಯಲಿ ಅನ್ನುವ ಸುಸ್ತು ಅವರ ದನಿಯಲ್ಲಿತ್ತು. ನಾನು ತೆರೆಯಿಂದ ಕಣ್ಣು ತೆಗೆಯಲಿಲ್ಲ.

ಮಧ್ಯಾಹ್ನ ಲಾರಿ ಹೊರಟಿತು, ಮೇಲ್ ಕಳಿಸಿದೆ. ಅದು ಹೋದ ಹಾಗೆ ಕಂಡಿತು, ಆದರೆ ನಿನ್ನೆಯೂ ಹಾಗೇ ಕಂಡಿತ್ತು. ಫೋನು ಬಡಿದುಕೊಂಡಿತು. ಮ್ಯಾನೇಜರು ಎತ್ತಿಕೊಂಡು ಕೇಳಿ, ಕೆಳಗಿಟ್ಟು, ತಮ್ಮ ಹಳೆಯ ಗಂಟಲಿನಲ್ಲಿ ಕೂಗಿದರು. "ಒಳಕ್ಕೆ ಹೋಯ್ತಂತೆ ಕಣಮ್ಮ! ಲಾರಿ ಒಳಕ್ಕೆ ಹೋಯ್ತಂತೆ! ಹೋಗು, ಹೋಗಿ ಏನಾದ್ರೂ ತಿನ್ನು, ಹೆಣದ ಥರ ಕಾಣ್ತಿದೀಯ."

ತಟ್ಟೆ ಇಡ್ಲಿಯ ಅಂಗಡಿಗೆ ಹೋಗೋಣವೆಂದು ಗೇಟು ದಾಟಿದೆ. ಎದುರಿನ ಮೋರಿಯ ಕಟ್ಟೆಯ ಮೇಲೆ ಅಪ್ಪ ಕೂತಿದ್ದ. ಮದುವೆ ಮನೆಗೆ ಹಾಕಿಕೊಳ್ಳುವ ಬಿಳಿ ಅಂಗಿ, ಮಡಿ ಪಂಚೆ, ಹೆಗಲ ಮೇಲೆ ಟವೆಲು. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಅಪ್ಪಾ, ನೀನ್ಯಾಕೆ ಬಂದೆ? ಯಾವಾಗ ಬಂದೆ?"

"ಬೆಳಿಗ್ಗೇನೇ ಬಂದೆ ಕಣವ್ವ, ನಿನ್ ಇಂದ್ಗಡೆ ಬಸ್ಸಿಗೆ. ಒಳಕ್ಕೆ ಬುಡ್ಲಿಲ್ಲ. ಪಾಸ್ ಐತಾ ಅಂದ ಆ ವಾಚ್‌ಮನ್ನು, ಇಲ್ಲ ಅಂದೆ. ಇದು ನಮ್ ಒಲ ಕಣಪ್ಪ, ಮ್ಯಾನೇಜರ್ ತಾವ ಒಂದ್ ಮಾತಾಡಿ ಬಂದ್ಬುಡ್ತೀನಿ ಅಂದೆ. ಇಂಗೇ ಎಲ್ರೂ ಏಳ್ತಾರೆ ಅಂದ."

"ಮ್ಯಾನೇಜರ್ ಹತ್ರ ಏನಿತ್ತು ನಿಂಗೆ?"

ಅಪ್ಪ ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ನಿನ್ನ ತಗ್ದುಬುಟ್ರೆ ಆ ಕೆಲ್ಸ ಬ್ಯಾರೆಯೋರಿಗೆ ಓಯ್ತದಲ್ಲವ್ವ. ಅದ್ಕೇ, ಇವ್ಳ ಕೈಲಿ ಆಗ್ದಿದ್ರೆ ಬುಡಿ ಸ್ವಾಮಿ, ಇವ್ಳಣ್ಣನ್ನಾದ್ರೂ ತಗಳ್ಳಿ, ಲಾರಿಗೆ ತುಂಬಕ್ಕಾದ್ರೂ ಆಗ್ಲಿ ಅಂತ ಕೈಮುಗ್ದು ಕೇಳನ ಅಂತ ಬಂದೆ."

"ಕೆಲಸ ಉಳೀತಪ್ಪ" ಅಂದೆ.

"ಉಳೀತಾ?" ಅಪ್ಪ ಕಟ್ಟೆಯ ಮೇಲೆ ಎರಡೂ ಕೈ ಊರಿ ದೊಡ್ಡದಾಗಿ ಉಸಿರು ಬಿಟ್ಟ. ಕಣ್ಣಲ್ಲಿ ನೀರು ಬಂದಿತ್ತು, ಟವೆಲಿನಿಂದ ಒರೆಸಿಕೊಂಡ.

ನನಗೆ ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ಅಪ್ಪ ಮನೆಯ ಕೆಲಸವನ್ನು ಉಳಿಸಿಕೊಳ್ಳಲು ಬಂದಿದ್ದ, ಅದರಲ್ಲಿ ತಪ್ಪೇನು? ಸಿಟ್ಟಿನ ಬದಲು ಮನಸ್ಸಿಗೆ ಬಂದದ್ದು ಬೇರೆಯೇ. ಬೆಳಿಗ್ಗೆ ಮ್ಯಾನೇಜರು ನನ್ನ ಬೆನ್ನ ಹಿಂದೆ ದಾರಿ ಹುಡುಕುತ್ತಾ ನಿಂತಿದ್ದ ಹೊತ್ತಿನಲ್ಲಿ ಅಪ್ಪ ಒಳಗೆ ಬಂದು ಈ ಮಾತು ಆಡಿದ್ದರೆ, ಅವರು ಆಗಲೇ ಹೂಂ ಅನ್ನುತ್ತಿದ್ದರು. ಮಾಲೀಕರ ಮಾತೂ ಉಳಿಯುತ್ತಿತ್ತು, ನಮ್ಮ ಮನೆಯ ಕೆಲಸವೂ ಉಳಿಯುತ್ತಿತ್ತು, ನಾನೊಬ್ಬಳು ಹೋಗುತ್ತಿದ್ದೆ. ಅದು ತಲೆಗೆ ಹೊಳೆದ ಕೂಡಲೇ, ಸದ್ಯ, ವಾಚ್‌ಮನ್ ಒಳಗೆ ಬಿಡಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ತಾನು ಉತ್ತ ಹೊಲದ ಬಾಗಿಲಲ್ಲಿ ಅಪ್ಪ ಅರ್ಧ ದಿನ ಬಿಸಿಲಿಗೆ ಕೂತಿದ್ದ, ನನಗೆ ಸಮಾಧಾನವಾಯಿತು. ಆ ಎರಡು ದಿನದಲ್ಲಿ ಎಷ್ಟೋ ಸಲ ಹೆದರಿದ್ದೆ, ಆದರೆ ಆ ಸಮಾಧಾನಕ್ಕೆ ಹೆದರಿದ ಹಾಗೆ ಯಾವುದಕ್ಕೂ ಹೆದರಿರಲಿಲ್ಲ. ಅಪ್ಪನ ಮುಖ ನೋಡಲಾರದೆ ರಸ್ತೆಯ ಕಡೆ ತಿರುಗಿ ನಿಂತೆ.

ಅಪ್ಪ ಎದ್ದು ಪಂಚೆಯ ಧೂಳು ಕೊಡವಿಕೊಂಡ. "ನಡಿಯವ್ವ, ಒಸಿ ಏನಾದ್ರೂ ತಿನ್ನು. ಮೊಕ ಬಾಡೋಗೈತೆ ನೋಡು" ಅಂದ.